ಕರೆಂಟ್ ಹೋದ ಮೂರು ರಾತ್ರಿ



ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ ಕಪ್ಪತಗುಡ್ಡದ ಕಡೆಯಿಂದ ಬಿರುಗಾಳಿ ಎದ್ದಿತು. ಅಡ್ಡಮಳಿ ಹೊಡೆಯಿತು. ಬೇವಿನ ಟೊಂಗೆ ಮುರಿದವು, ತಗಡು ಹಾರಿದವು, ನಮ್ಮ ಓಣಿಯ ಎರಡು ಕಂಬ ಬಿದ್ದವು. ಮೂರು ರಾತ್ರಿ ಕರೆಂಟ್ ಇರಲಿಲ್ಲ.

ನಾನು ದೀಪ ಹುಡುಕುತ್ತಿದ್ದೆ. ಅವ್ವ, "ದೀಪ ಹ್ಯಾಂಗರ ಆಗತೈತಿ, ಮೊದಲ ನೀರು ತುಂಬು" ಅಂದಳು. ಖರೇನ. ಮೋಟರ್ ನಡೆಯದಿದ್ದರೆ ಟಾಕಿ ತುಂಬುವುದಿಲ್ಲ, ಟಾಕಿಯಲ್ಲಿ ಉಳಿದದ್ದಷ್ಟೇ ನಳಕ್ಕೆ ಬರುತ್ತದೆ. ಅವತ್ತೇ ಕೊಡ, ಬಕೀಟು, ಪಾತೇಲಿ ಎಲ್ಲ ತುಂಬಿಟ್ಟೆವು. ಮರುದಿನ ಕೈಪಂಪಿನ ಮುಂದೆ ಪಾಳಿ.

ಮನೆಯಲ್ಲಿ ಜೋಳ ಇತ್ತು, ಹಿಟ್ಟು ಇರಲಿಲ್ಲ. ಗಿರಣಿ ಬಂದ್. ಆಯಿ ಮೂಲೆಯ ಬೀಸುಕಲ್ಲು ತೊಳೆಸಿದಳು. ನಾಲ್ಕು ರೊಟ್ಟಿಯ ಹಿಟ್ಟಿಗೇ ನನ್ನ ರಟ್ಟೆ ಸೋತವು. ರೊಟ್ಟಿ ಬಹಳ ರುಚಿ ಇದ್ದವು ಅಂದರೆ ಸುಳ್ಳಾಗುತ್ತದೆ, ಹಿಟ್ಟು ದಪ್ಪ ಬಿದ್ದು ಅಂಚು ಒಡೆದಿದ್ದವು. ಬೆಳಕಿಗೆ ಶೇಂಗಾ ಎಣ್ಣೆಯ ಪಣತಿ, ಹಾಸಿಗೆಯಿಂದ ದೂರ, ತಾಟಿನ ಮೇಲೆ. ಮೊಬೈಲನ್ನು ಕಾಕಾನ ಟ್ರ್ಯಾಕ್ಟರ್ ಬ್ಯಾಟರಿಯಿಂದ ಚಾರ್ಜ್ ಮಾಡಿದೆವು.

ನನಗೊಂದು ಸಿಟ್ಟು ಇತ್ತು. ಗುಡ್ಡದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರ ಇದ್ದರೂ ಕೆಳಗೆ ನಮಗೆ ಕತ್ತಲೆ ಯಾಕೆ? ಗಾಳಿಯಂತ್ರದ ಕರೆಂಟ್ ನೇರ ನಮ್ಮ ಮನೆಗೆ ಬರುವುದಿಲ್ಲ. ಅದು ದೊಡ್ಡ ಲೈನಿಗೆ ಸೇರಿ, ಸಬ್‌ಸ್ಟೇಷನ್‌ನಿಂದ 11 ಸಾವಿರ ವೋಲ್ಟಿನ ತಂತಿಯಲ್ಲಿ ಊರಿನ ಟಿ.ಸಿ.ಗೆ ಬರುತ್ತದೆ. ಟಿ.ಸಿ. ಅದನ್ನು ಇಳಿಸಿ ಮನೆಗೆ 230 ವೋಲ್ಟ್ ಕೊಡುತ್ತದೆ. ನಡುವೆ ಒಂದು ಕಂಬ ಬಿದ್ದರೂ ಮುಗೀತು. ಇಷ್ಟಕ್ಕೂ ಗಾಳಿ ಗಂಟೆಗೆ ಸುಮಾರು 90 ಕಿ.ಮೀ. ದಾಟಿದರೆ ಬಹಳಷ್ಟು ಯಂತ್ರಗಳು ಮುರಿಯಬಾರದೆಂದು ತಾವೇ ನಿಲ್ಲುತ್ತವೆ.

ಎರಡನೆಯ ದಿನದ ಮಾತು ಹೇಳಲೇಬೇಕು. ಹೊಲಕ್ಕೆ ಎತ್ತು ಹೊಡಕೊಂಡು ಹೊಂಟಾಗ ದಾರಿಯಲ್ಲಿ ತಂತಿ ಹರಿದು ಬಿದ್ದಿತ್ತು. "ಕರೆಂಟ್ ಇಲ್ಲಲ್ಲ" ಎಂದು ನಾನು ದಾಟಲು ಹೋದೆ. ಅಪ್ಪ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದ. "ಹುಚ್ಚಾ, ಯಾವಾಗ ಬಿಡತಾರ ನಿನಗೇನ ಗೊತ್ತು?"

ಮನೆಯಲ್ಲಿ ಬಲ್ಬು ಹತ್ತದಿದ್ದರೂ ಆ ತಂತಿಯಲ್ಲಿ ಕರೆಂಟ್ ಇರಬಹುದು. ಸಬ್‌ಸ್ಟೇಷನ್‌ನಲ್ಲಿ ಲೈನ್ ಪರೀಕ್ಷೆಗೆಂದು ಬಿಡಬಹುದು. ಯಾರಾದರೂ ಜನರೇಟರನ್ನು ಮನೆಯ ವೈರಿಗೆ ತಪ್ಪಾಗಿ ಕೂಡಿಸಿದ್ದರೆ ಅದು ಹಿಂದಕ್ಕೆ ಟಿ.ಸಿ.ಗೆ ಹೋಗಿ ಸಾವಿರಾರು ವೋಲ್ಟ್ ಆಗಬಲ್ಲದು. ಮುಟ್ಟದಿದ್ದರೂ ಅಪಾಯವೇ. ತಂತಿ ಹಸಿ ನೆಲಕ್ಕೆ ತಾಗಿದಾಗ ಕರೆಂಟ್ ಸುತ್ತಲೂ ಹರಡುತ್ತದೆ, ತಂತಿಯ ಬಳಿ ವೋಲ್ಟ್ ಹೆಚ್ಚು, ದೂರ ಹೋದಂತೆ ಕಡಿಮೆ. ನಮ್ಮ ಎರಡು ಪಾದದ ನಡುವೆ ಆ ವ್ಯತ್ಯಾಸ ಬಿದ್ದರೆ ಕರೆಂಟ್ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಎತ್ತಿನ ಮುಂಗಾಲು ಹಿಂಗಾಲಿನ ನಡುವೆ ಅಂತರ ಬಹಳ, ಕರೆಂಟ್ ಎದೆಯ ಮೂಲಕವೇ ಹಾಯುತ್ತದೆ. ದನ ಬೇಗ ಸಾಯುವುದು ಇದಕ್ಕೇ. ಅಂಥ ತಂತಿ ಕಂಡರೆ ಕನಿಷ್ಠ 10 ಮೀಟರ್ ದೂರ ನಿಲ್ಲಬೇಕು, 1912ಕ್ಕೆ ಫೋನ್ ಮಾಡಿಸಬೇಕು. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ದಾಪುಗಾಲು ಹಾಕಿ ಓಡಬಾರದು, ಪಾದ ಜೋಡಿಸಿ ನೆಲಕ್ಕೆ ಉಜ್ಜುತ್ತ ಸರಿಯಬೇಕು.

ಅಪ್ಪ ಅಲ್ಲೇ ನಿಂತು ಬಂದವರನ್ನೆಲ್ಲ ತಿರುಗಿಸಿ ಕಳಿಸಿದ. ಲೈನ್‌ಮನ್ ಕಾಕಾ ಬಂದಾಗ ಅವರೂ ತಂತಿ ಮುಟ್ಟಲಿಲ್ಲ, ಮೊದಲು ಫೋನ್ ಮಾಡಿ ಲೈನ್ ಬಂದ್ ಮಾಡಿಸಿದರು.

ನಾಲ್ಕನೆಯ ದಿನ ಮುಂಜಾನೆ ಕರೆಂಟ್ ಬಂತು. ನಾನು ಟಿ.ವಿ. ಹಚ್ಚಿದೆ, ಅವ್ವ ಕೊಡ ತಗೊಂಡು ನಳದ ಕಡೆ ಓಡಿದಳು.