ಅಲ್ಲಿ ನಮ್ಮ ಮದುವೆ ಸರ್ಟಿಫಿಕೇಟ್ ನಡೆಯುತ್ತಾ?

"ಛತ್ರದಲ್ಲಿ ಸಾವಿರ ಜನರ ಎದುರಿಗೇ ಮದುವೆ ಆಗಿದೆಯಲ್ಲ, ಇನ್ಯಾವ ಸಾಕ್ಷಿ ಬೇಕು?" ಮಗಳನ್ನು ದುಬೈನಲ್ಲಿರುವ ಅಳಿಯನ ಹತ್ತಿರ ಕಳಿಸಲು ಹೊರಟ ಅಮ್ಮಂದಿರು ಹೀಗೆ ಕೇಳುವುದುಂಟು. ಸಾಕ್ಷಿ ಬೇಕೇ ಬೇಕು. ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾಗೆ ಅಲ್ಲಿ ದೃಢೀಕರಿಸಿದ ವಿವಾಹ ಪ್ರಮಾಣಪತ್ರವನ್ನು ಅರಬಿ ಅನುವಾದದೊಂದಿಗೆ ಕೇಳುತ್ತಾರೆ. ಲಗ್ನಪತ್ರಿಕೆ, ಆಲ್ಬಮ್ ತೋರಿಸಿದರೆ ಆಗದು.

ಮೊದಲ ಕೆಲಸ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ, ಅದೂ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಲಕ್ಷ್ಮಿ ಎಸ್.', ಪಾಸ್‌ಪೋರ್ಟಿನಲ್ಲಿ 'ಲಕ್ಷ್ಮಿ ಶ್ರೀನಿವಾಸ', ಲಗ್ನಪತ್ರಿಕೆಯಲ್ಲಿ 'ಚಿ.ಸೌ. ಲಕ್ಷ್ಮೀದೇವಿ'. ಮೂವರೂ ಒಬ್ಬಳೇ ಅಂತ ನಮಗೆ ಗೊತ್ತು, ಪರದೇಶದ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಅರ್ಜಿ ತುಂಬುವಾಗಲೇ ಇಬ್ಬರ ಪಾಸ್‌ಪೋರ್ಟನ್ನೂ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ. ನಾಚಿಕೆ ಬೇಡ, ಸಹಿ ಹಾಕುವ ಮುಂಚೆ ಎರಡು ಸಲ ಓದಿ.

ಆಮೇಲೆ ಮುದ್ರೆಗಳ ಸರದಿ. 2005ರಲ್ಲಿ ಭಾರತ 'ಅಪಾಸ್ಟಿಲ್' ಒಪ್ಪಂದಕ್ಕೆ ಸೇರಿತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, 2024ರಿಂದ ಕೆನಡಾ ಕೂಡ ಇದರಲ್ಲಿವೆ. ಈ ದೇಶಗಳಿಗಾದರೆ ರಾಜ್ಯದ ಗೃಹ ಇಲಾಖೆಯ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಸಾಕು. ಅದರ ಸರ್ಕಾರಿ ಶುಲ್ಕ ಬರೀ 50 ರೂಪಾಯಿ. ಸಚಿವಾಲಯ ನೇಮಿಸಿದ ಏಜೆನ್ಸಿಯ ಸೇವಾಶುಲ್ಕ ಬೇರೆ. ಮಧ್ಯವರ್ತಿಗಳು ಸಾವಿರಗಟ್ಟಲೆ ಕೇಳಿದರೆ ಯಾವುದಕ್ಕೆಷ್ಟು ಅಂತ ಬಿಡಿಸಿ ಕೇಳಿ. ದುಬೈ ಇರುವ ಯುಎಇ ಈ ಒಪ್ಪಂದದಲ್ಲಿಲ್ಲ. ಹಾಗಾಗಿ ನಮ್ಮ ಸಚಿವಾಲಯ, ಆಮೇಲೆ ಅವರ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ, ಇಷ್ಟೂ ಆಗಬೇಕು. ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಅಲ್ಲಿಗೆ ಹೊರಟವರು ಮುದ್ರೆಗೆ ಓಡುವ ಮುಂಚೆ ಅವರ ರಾಯಭಾರ ಕಚೇರಿಯನ್ನೇ ಕೇಳಿ.

ಅಮೆರಿಕದಲ್ಲೇ ಮದುವೆಯಾಗಿ ಊರಿಗೆ ಬರುವವರಿಗೆ ದಾರಿ ತಿರುಗಾಮುರುಗಾ. ಮದುವೆ ದಾಖಲಾದ ಕೌಂಟಿಯ ದೃಢೀಕೃತ ಪ್ರತಿಗೆ ಆ ರಾಜ್ಯದ್ದೇ ಅಪಾಸ್ಟಿಲ್ ಹಾಕಿಸಬೇಕು. ಇಲ್ಲಿಗೆ ಬಂದ ಮೇಲೆ ನಮ್ಮ ಕಚೇರಿಗಳು ಅದನ್ನು ಹಾಕಿಕೊಡಲಾರವು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಪಾಸ್ಟಿಲ್ ಹೇಳುವುದು ಸಹಿ, ಮುದ್ರೆ ಅಸಲಿ ಅಂತ ಮಾತ್ರ. ವರನಿಗೆ ಅಲ್ಲಿ ಮೊದಲೇ ಹೆಂಡತಿ ಇದ್ದಾಳಾ ಅಂತ ಅದು ನೋಡೋದಿಲ್ಲ. ಆ ವಿಚಾರಣೆ ಹೆಣ್ಣಿನ ಕಡೆಯವರದ್ದೇ, ಅದೂ ಮದುವೆಗೆ ಮುಂಚೆ.

ನೋಂದಣಿಯಾದಾಗಲೇ ದೃಢೀಕೃತ ನಕಲು ಹೆಚ್ಚಿಗೆ ತೆಗೆಸಿ, ಒಂದು ತವರಿನ ಬೀರುವಿನಲ್ಲಿರಲಿ. ಮೂಲಪ್ರತಿ ಮಗಳ ಕೈಚೀಲದಲ್ಲೇ ಇರಲಿ, ಗಂಡನ ಆಫೀಸಿನ ಡ್ರಾಯರ್‌ನಲ್ಲಲ್ಲ. ಜೋಪಾನ ಅಂತ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಮುದ್ರೆ ಒತ್ತೋಕೆ ಜಾಗವೇ ಇರೋದಿಲ್ಲ.