ಲ್ಯಾಕ್ಸ್‌ಟನ್: ಬೇಲಿಯಿಲ್ಲದ ಹೊಲಗಳ ಊರು

ಇಂಗ್ಲೆಂಡ್ ಎಂದೊಡನೆ ಕಾರ್ಖಾನೆಗಳೂ ಮಹಾನಗರಗಳೂ ಕಣ್ಣೆದುರು ನಿಲ್ಲುವುದು ಸಹಜ. ಆದರೆ ಆ ದೇಶವು ಶತಮಾನಗಳ ಕಾಲ ಹಳ್ಳಿಗಳ ನಾಡಾಗಿದ್ದಿತು. ಆ ಪ್ರಾಚೀನ ಗ್ರಾಮಜೀವನದ ಪದ್ಧತಿಯೊಂದನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ಊರು ನಾಟಿಂಗ್‌ಹ್ಯಾಂಷೈರ್ ಪ್ರಾಂತದ ಲ್ಯಾಕ್ಸ್‌ಟನ್. ವಿಲಿಯಂ ದೊರೆಯು 1086ರಲ್ಲಿ ಮಾಡಿಸಿದ ‘ಡೂಮ್ಸ್‌ಡೇ’ ಭೂಗಣತಿಯಲ್ಲಿಯೇ ಇದರ ಉಲ್ಲೇಖವಿದೆ.

ಈ ಊರಿಗೆ ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್ ಎಂಬ ಮೂರು ವಿಶಾಲ ಬಯಲುಗಳಿವೆ. ಇವುಗಳೊಳಗೆ ರೈತರ ಹೊಲಗಳ ನಡುವೆ ಬೇಲಿಯಿಲ್ಲ. ಪ್ರತಿ ಬಯಲೂ ಪಟ್ಟಿ ಪಟ್ಟಿಯಾಗಿ ಹಂಚಿಹೋಗಿದ್ದು, ಒಬ್ಬನ ಪಟ್ಟಿಗಳು ಮೂರು ಬಯಲುಗಳಲ್ಲಿಯೂ ಚದುರಿರುತ್ತವೆ. ಇದರಿಂದ ಫಲವತ್ತಾದ ನೆಲವೂ ಬಡ ನೆಲವೂ ಎಲ್ಲರ ಪಾಲಿಗೂ ಬರುತ್ತಿದ್ದವು. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ, ಮೂರನೆಯದಕ್ಕೆ ವಿಶ್ರಾಂತಿ. ಇದೇ ಅಲ್ಲಿಯ ಹಳೆಯ ಬೆಳೆ ಸರದಿ. ಸರದಿಯನ್ನು ಒಬ್ಬನೇ ಮೀರಿದರೆ ನೆರೆಯವರೆಲ್ಲರ ಬೇಸಾಯ ಕೆಡುವುದರಿಂದ, ಬಿತ್ತನೆಯು ಊರಿನ ಸಮಷ್ಟಿ ಕಾರ್ಯವಾಯಿತು.

ಈ ಒಪ್ಪಂದವನ್ನು ಕಾಯುವುದು ‘ಕೋರ್ಟ್ ಲೀಟ್’ ಎಂಬ ಗ್ರಾಮ ನ್ಯಾಯಸಭೆ. ನವೆಂಬರ್ ಕೊನೆಯ ವೇಳೆಗೆ ಪಂಚರು ಗೋಧಿ ಬಿತ್ತಿದ ಬಯಲನ್ನು ನಡೆದು ನೋಡುತ್ತಾರೆ; ಗಡಿ ಅಳಿಸಿದ್ದಲ್ಲಿ ಗೂಟ ನೆಡುತ್ತಾರೆ. ಸಾಮಾನ್ಯ ದಾರಿಯನ್ನಾಗಲಿ ಹುಲ್ಲುಗಾವಲನ್ನಾಗಲಿ ಒತ್ತಿ ಉತ್ತವನಿಗೆ ದಂಡ ನಿಗದಿಯಾಗುತ್ತದೆ. ಮುಂದಿನ ವಾರ ಸೇರುವ ಸಭೆಯಲ್ಲಿ ಅದನ್ನು ಎಲ್ಲರೆದುರು ತಿಳಿಸಲಾಗುತ್ತದೆ. ದಂಡದ ಮೊತ್ತ ಅಲ್ಪವೇ ಸರಿ; ಆದರೆ ತೀರ್ಪುಗಾರರು ಸಹರೈತರೇ ಆಗಿರುವುದರಿಂದ ಅದರ ಭಾರ ಹಣದಿಂದ ಅಳೆಯತಕ್ಕದ್ದಲ್ಲ.

ಇಂತಹ ಬಯಲುಗಳು ಒಂದು ಕಾಲಕ್ಕೆ ಇಂಗ್ಲೆಂಡಿನ ಬಹುಭಾಗದಲ್ಲಿದ್ದವು. 18 ಮತ್ತು 19ನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಶಾಸನಗಳ ಬಲದಿಂದ ಅವುಗಳಿಗೆ ಬೇಲಿ ಬಿದ್ದಿತು. ಬೇಸಾಯದ ಇಳುವರಿ ಹೆಚ್ಚಿದ್ದುಂಟು. ಆದರೆ ಸಾಮಾನ್ಯ ಗೋಮಾಳದಲ್ಲಿ ಒಂದೆರಡು ದನ ಮೇಯಿಸಿ ಬದುಕುತ್ತಿದ್ದ ಬಡವರು ಆ ಆಸರೆಯನ್ನು ಕಳೆದುಕೊಂಡರು.

ಲ್ಯಾಕ್ಸ್‌ಟನ್ ಬದಲಾಗದೆ ನಿಂತಿತೆಂದಲ್ಲ. ಮಾರ್ಕ್ ಪಿಯರ್ಸ್ 1635ರಲ್ಲಿ ರಚಿಸಿದ ಭೂಪಟದಲ್ಲಿ ಕಾಣುವ ಕಿರಿದಾದ ಪಟ್ಟಿಗಳು ಮುಂದೆ ಕೂಡಿ ದೊಡ್ಡವಾದವು. ಎತ್ತು ಕುದುರೆಗಳ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿತು. ಒಡೆತನವೂ ಬದಲಾಯಿತು: 1952ರಲ್ಲಿ ಅರ್ಲ್ ಮ್ಯಾನ್ವರ್ಸ್‌ರಿಂದ ಸರ್ಕಾರದ ಕೃಷಿ ಇಲಾಖೆಗೆ, 1981ರಲ್ಲಿ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿಗೆ. ಒಡೆಯರು ಬದಲಾದರೂ ಪಂಚರು ಬಯಲಿಗಿಳಿಯುವ ಪರಿಪಾಠ ತಪ್ಪಲಿಲ್ಲ. ಹೊಲದ ಗಡಿಯನ್ನು ಬೇಲಿಗಿಂತ ನೆರೆಯವರ ಒಪ್ಪಿಗೆಯೇ ಭದ್ರವಾಗಿ ಕಾಯಬಲ್ಲದೆಂಬುದಕ್ಕೆ ಈ ಊರು ಜೀವಂತ ನಿದರ್ಶನವಾಗಿದೆ.