ಅಜ್ಜಿ ಕೇಳಿದ್ದು ಜೋಳ, ಫೋನು ತೋರಿಸಿದ್ದು ಹಸು

ಕಳೆದ ಮಳೆಗಾಲದಲ್ಲಿ ಜಗಳೂರಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನಿಗೆ ಎಂಬತ್ತರ ಹತ್ತಿರ. ಓದು ಬರಹ ಬಾರದು. ಹೊಲದ ಲೆಕ್ಕವೆಲ್ಲ ಬಾಯಲ್ಲೇ. ನಮ್ಮ ಹುಟ್ಟೂರು ಹೊನ್ನಾಳಿ. ಮದುವೆಯಾಗಿ ಬಂದು ಅರವತ್ತು ವರ್ಷವಾದರೂ ಅವಳ ಮಾತು ಇನ್ನೂ ಹೊನ್ನಾಳಿಯದೇ.

ಏಳನೇ ಕ್ಲಾಸಿನ ಮೊಮ್ಮಗ ಫೋನಿನ ಮೈಕಿನ ಗುರುತು ಒತ್ತಿ, “ಅಜ್ಜಿ, ಏನ್ ಬೇಕೋ ಬಾಯಲ್ಲೇ ಕೇಳು” ಎಂದ. ಅಕ್ಕ ಕೇಳಿದಳು: “ಗೋವಿನಜ್ವಾಳಕ್ಕ ಲದ್ದಿ ಹುಳ ಬಿದ್ದೈತಿ, ಏನ್ ಹೊಡಿಬೇಕು?”

ಫೋನು ತೋರಿಸಿದ್ದು ಒಂದು ಹಸುವಿನ ಚಿತ್ರ. ಅದರ ಕೆಳಗೆ ಸೆಗಣಿ ಗೊಬ್ಬರದ ವಿಡಿಯೊ! ಹುಡುಗ ಬಿದ್ದು ಬಿದ್ದು ನಕ್ಕ. ಅಕ್ಕ ನಗಲಿಲ್ಲ. “ನನ್ನ ಮಾತೇ ಸರಿ ಇಲ್ಲ ತಮ್ಮಾ, ಅದಕ್ಕೆ ತಿಳಿಯಂಗಿಲ್ಲ” ಎಂದು ಫೋನನ್ನು ಆಚೆ ಸರಿಸಿದಳು. ಎರಡು ದಿನ ಅದನ್ನು ಮುಟ್ಟಲಿಲ್ಲ.

ಆ ಮಾತು ನನ್ನ ಮನಸ್ಸಿಗೆ ನಾಟಿತು. ಮಕ್ಕಳೇ, ತಪ್ಪು ನಿಜವಾಗಿ ಯಾರದು? ಅದು ತಿಳಿಯಬೇಕಾದರೆ ಫೋನು ಹೇಗೆ ಕೇಳಿಸಿಕೊಳ್ಳುತ್ತದೆ ಎಂದು ತಿಳಿಯಬೇಕು.

ನಾವು ಮಾತಾಡಿದಾಗ ಗಾಳಿಯಲ್ಲಿ ಅಲೆ ಏಳುತ್ತದೆ. ಸಾಮಾನ್ಯವಾಗಿ ಇಂಥ ವ್ಯವಸ್ಥೆಗಳು ಆ ಅಲೆಯನ್ನು ಸೆಕೆಂಡಿಗೆ 16,000 ಸಲ ಅಳೆಯುತ್ತವೆ. ಆಮೇಲೆ ದನಿಯನ್ನು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಸಣ್ಣ ಚೂರುಗಳಾಗಿ ನೋಡಿ, ಇದು ‘ಗ’ ಇರಬಹುದೇ, ‘ಕ’ ಇರಬಹುದೇ ಎಂದು ಊಹಿಸುತ್ತವೆ. ಇದು ಮೊದಲ ಮೆಟ್ಟಿಲು.

ಎರಡನೆಯದು ಪದ ಜೋಡಿಸುವುದು. ನ್ಯಾಮತಿಯ ಜನ ತಮ್ಮೂರನ್ನು ‘ನ್ಯಾಮ್ತಿ’ ಎನ್ನುತ್ತಾರೆ. ಅರ್ಧ ಕೇಳಿಸಿದ ‘ಹೊನ್ನಾ...’ ಎಂಬುದು ಹೊನ್ನಾಳಿಯೂ ಆಗಬಹುದು, ಹೊನ್ನಾವರವೂ ಆಗಬಹುದು. ಯಂತ್ರ ತಾನು ಮೊದಲು ಕಲಿತ ಲಕ್ಷಾಂತರ ವಾಕ್ಯಗಳ ಆಧಾರದ ಮೇಲೆ ಯಾವುದು ಹೆಚ್ಚು ಸಂಭವ ಎಂದು ಲೆಕ್ಕ ಹಾಕುತ್ತದೆ. ಹೆಚ್ಚು ಸಲ ಕೇಳಿದ ಪದ ಗೆಲ್ಲುತ್ತದೆ, ಅಪರೂಪದ ಪದ ಸೋಲುತ್ತದೆ.

ಮೂರನೆಯದು ಉದ್ದೇಶ ಹಿಡಿಯುವುದು. “ಚನ್ನಗಿರಿಯಿಂದ ಹೊನ್ನಾಳಿಗೆ ಬಸ್ ಎಷ್ಟೊತ್ತಿಗೆ?” ಎಂದು ಒಬ್ಬರು ಕೇಳುತ್ತಾರೆ. “ಬಸ್ ಐತೇನ್ರಿ ಈಗ, ಹೊನ್ನಾಳಿಗೆ, ಚನ್ನಗಿರಿಯಿಂದ?” ಎಂದು ಇನ್ನೊಬ್ಬರು. ಪದಗಳ ಸಾಲು ಬೇರೆ, ಬೇಕಾದ್ದು ಒಂದೇ. ಕನ್ನಡದಲ್ಲಿ ಪದವನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ, ಏಕೆಂದರೆ ‘ಯಿಂದ’, ‘ಗೆ’ ಎಂಬ ವಿಭಕ್ತಿ ಪ್ರತ್ಯಯಗಳು ದಾರಿ ತೋರಿಸುತ್ತವೆ. ಅವು ತಪ್ಪಾಗಿ ಕೇಳಿಸಿದರೆ ಮಾತ್ರ ಬಸ್ಸು ಉಲ್ಟಾ ಹೊರಡುತ್ತದೆ!

ಇನ್ನು ಒಂದೇ ವಸ್ತುವಿಗೆ ಹಲವು ಹೆಸರು. ಮೆಕ್ಕೆಜೋಳ, ಗೋವಿನಜೋಳ, ಮುಸುಕಿನ ಜೋಳ ಮೂರೂ ಒಂದೇ ಬೆಳೆ. ಒಂದೇ ಬಗೆಯ ವಾಕ್ಯಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಪದಗಳನ್ನು ಯಂತ್ರ ಹತ್ತಿರದ ನೆಂಟರೆಂದು ಎಣಿಸುತ್ತದೆ. ಆದರೆ ಗೋವಿನಜೋಳ ಎಂಬ ಮಾತು ಅದಕ್ಕೆ ಸಾಕಷ್ಟು ಸಿಕ್ಕಿರದಿದ್ದರೆ? ‘ಗೋವು’ ಗೊತ್ತು, ‘ಲದ್ದಿ’ ಗೊತ್ತು. ಎರಡನ್ನೂ ಸೇರಿಸಿ ಕೊಟ್ಟಿಗೆಗೆ ಹೋಗಿ ನಿಂತಿತು. ಲದ್ದಿ ಹುಳು ಎಂದರೆ ಜೋಳದ ಸುಳಿಯೊಳಗೆ ಕೂತು ತಿನ್ನುವ ಸೈನಿಕ ಹುಳು. ದೂರದ ಅಮೆರಿಕದಿಂದ ಬಂದ ಈ ಕೀಟ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ‘ಹೊಡೆಯುವುದು’ ಎಂದರೆ ಔಷಧ ಸಿಂಪಡಿಸುವುದು ಎಂದು ಯಾವ ರೈತನಿಗೂ ಹೇಳಬೇಕಾಗಿಲ್ಲ. ಯಂತ್ರಕ್ಕೆ ಹೇಳಬೇಕು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತನಾಗಿದ್ದವನು. “ರೊಕ್ಕ ತಗೀಬೇಕು”, “ದುಡ್ಡು ಬಿಡಿಸ್ಕೊಡಿ”, “ಪುಸ್ತಕದಾಗ ಎಷ್ಟೈತಿ ನೋಡ್ರಿ” ಎಂದು ಒಬ್ಬೊಬ್ಬರದು ಒಂದೊಂದು ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯ ಜೊತೆಗಿದ್ದ ನ್ಯಾಮತಿ ಆಮೇಲೆ ಬೇರೆ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ಮಾತು ಒಂದಾಗಲಿಲ್ಲ. ಯಾರ ಮಾತಾದರೂ ತಿಳಿಯದಿದ್ದರೆ ನಾನು “ಏನಂದ್ರಿ ಅಜ್ಜಾ, ಇನ್ನೊಂದ್ಸಲ ಹೇಳ್ರಿ” ಎಂದು ಕೇಳುತ್ತಿದ್ದೆ. ಫೋನು ಹಲವು ಸಲ ಹಾಗೆ ಕೇಳುವುದಿಲ್ಲ. ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ತೋರಿಸಿಬಿಡುತ್ತದೆ.

ಹಾಗೆಂದು ಯಂತ್ರವನ್ನು ಹಳಿಯಬೇಕಾಗಿಲ್ಲ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ‘ಆಡ್ರಿ’ ಎಂಬ ಯಂತ್ರ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಮಾತ್ರ ಗುರುತಿಸುತ್ತಿತ್ತು. ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಮ್ಮ ಆಡುಮಾತುಗಳನ್ನೇ ಯಂತ್ರಕ್ಕೆ ಕಲಿಸುವ ಕೆಲಸ ಮಾಡುತ್ತಿದೆ. ಅದರ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ 9 ಭಾಷೆಗಳ ಪ್ರಾದೇಶಿಕ ಮಾತುಗಳನ್ನು ಸಂಗ್ರಹಿಸಿದೆ, ಅದೂ ಕೃಷಿ ಮತ್ತು ಹಣಕಾಸಿನ ವಿಷಯದಲ್ಲಿ. ಗೂಗಲ್ ನೆರವಿನ ‘ವಾಣಿ’ ಯೋಜನೆಯಲ್ಲಿ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮದೇ ಮಾತಿನಲ್ಲಿ ಹೇಳಿಸುತ್ತಾರೆ. ದೇಶದ 773 ಜಿಲ್ಲೆಗಳಿಂದ ದನಿ ಕೂಡಿಸುವುದು ಅದರ ಗುರಿ.

ಅಂದರೆ ಯಂತ್ರವೇ ಈಗ ಅಜ್ಜಿಯರ ಹತ್ತಿರ ಪಾಠಕ್ಕೆ ಕೂತಿದೆ!

ಇದನ್ನೆಲ್ಲ ಅಕ್ಕನಿಗೂ ಹುಡುಗನಿಗೂ ಹೇಳಿದೆ. “ಹಂಗಾದ್ರೆ ಅದಕ್ಕೆ ನನ್ನ ಮಾತು ಕಲಿಸಿಲ್ಲ ಅನ್ನು” ಎಂದಳು ಅಕ್ಕ. ಮೂವರೂ ಮತ್ತೆ ಕೂತೆವು. ಈ ಸಲ ಒಂದೇ ಒಂದು ಪದ ಬದಲಿಸಿ, ಎರಡು ಪದ ಸೇರಿಸಿದೆವು: “ಗೋವಿನಜ್ವಾಳದ ಬೆಳೆಗೆ ಲದ್ದಿ ಹುಳ ಬಿದ್ದೈತಿ, ಏನ್ ಔಷಧ ಹೊಡಿಬೇಕು?” ತೆರೆಯ ಮೇಲೆ ಮೆಕ್ಕೆಜೋಳದ ಗರಿ ಕಾಣಿಸಿತು. ಅಕ್ಕನ ಮುಖವೂ ಅರಳಿತು.

ಆದರೂ ಔಷಧದ ವಿಷಯ, ಅಳತೆ ತಪ್ಪಿದರೆ ಬೆಳೆಗೂ ಕೇಡು, ಮನುಷ್ಯರಿಗೂ ಕೇಡು. ಅದಕ್ಕೇ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ವಿಚಾರಿಸಿ ಖಚಿತ ಮಾಡಿಕೊಂಡೆವು.

ಮಕ್ಕಳೇ, ಅಜ್ಜಿ ತಾತ ಫೋನಿಗೆ ಏನಾದರೂ ಕೇಳಿದಾಗ, ಅದು ಬರೆದುಕೊಂಡ ಸಾಲನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ತಪ್ಪಿದ್ದರೆ ಇನ್ನೊಂದು ಪದ ಸೇರಿಸಿ ಕೇಳಿಸಿ. ಹಿರಿಯರೇ, ಬೇಕಾದ್ದನ್ನು ನಿಮ್ಮ ಮಾತಿನಲ್ಲೇ ಕೇಳಿ. ಬ್ಯಾಂಕಿನ ಪಿನ್, ಓಟಿಪಿ ಮಾತ್ರ ಯಾವ ಮೈಕಿನ ಮುಂದೆಯೂ ಹೇಳಬೇಡಿ.

ಮೊನ್ನೆ ಹುಡುಗ ಫೋನ್ ಮಾಡಿದ್ದ. “ಅಜ್ಜಾ, ಅಜ್ಜಿ ಈಗ ದಿನಾ ಫೋನ್ ಕಸ್ಕೊಂಡು ಮಳೆ ಯಾವಾಗ ಅಂತ ಕೇಳ್ತಾಳೆ, ನನಗೆ ಕೊಡೋದೇ ಇಲ್ಲ” ಎಂದು ದೂರು. ಆ ದೂರು ಕೇಳಿ ನನಗೆ ಬಹಳ ಸಂತೋಷವಾಯಿತು.